ಪಿಟೀಲಿಗೆ ಕ್ಲಿಪ್ ಮೈಕ್: ಮೂರು ವರ್ಷದ ಹುಡುಕಾಟ

ಕೊನೆಗೂ ನಾನು ಕೊಂಡದ್ದು ಡಿಪಿಎ 4099. ಪಿಟೀಲಿಗೆಂದೇ ಮಾಡಿದ ಕ್ಲಿಪ್ಪಿನ ಜೊತೆ ಬರುವ ಸೆಟ್ಟು. ಬೆಲೆ ಐವತ್ತು ಸಾವಿರ ದಾಟಿತು. ನನ್ನ ಮೊದಲ ಪಿಟೀಲಿಗೆ ನಮ್ಮಪ್ಪ ಇದರ ಹತ್ತರಲ್ಲಿ ಒಂದು ಭಾಗವನ್ನೂ ಕೊಟ್ಟಿರಲಿಲ್ಲ. ಹೆಬ್ಬೆರಳಷ್ಟೂ ಇಲ್ಲದ ಮೈಕಿಗೆ ಇಷ್ಟೊಂದು ದುಡ್ಡಾ ಅಂತ ಮನೆಯಲ್ಲಿ ಎಲ್ಲರೂ ಕೇಳಿದರು. ನಾನೂ ಕೇಳಿಕೊಂಡೆ. ಅದಕ್ಕೇ ಮೂರು ವರ್ಷ ಹಿಡಿಯಿತು. ಆ ಮೂರು ವರ್ಷದಲ್ಲಿ ಇನ್ನೂ ಮೂರು ಬಗೆಯವನ್ನು ಪಿಟೀಲಿಗೆ ಕಟ್ಟಿಕೊಂಡು ಕಚೇರಿ ಮಾಡಿದೆ. ಆ ಕಥೆಯನ್ನೂ ಸೇರಿಸಿ ಹೇಳುತ್ತೇನೆ. ಯಾಕೆಂದರೆ ನನಗೆ ಬೇಡವಾದದ್ದು ನಿಮಗೆ ಸರಿಹೋಗಬಹುದು.

ನಾನು ಮೈಸೂರಿನವಳು. ಮನೆಯಲ್ಲಿ ಮಕ್ಕಳಿಗೆ ಪಾಠ ಹೇಳುತ್ತೇನೆ. ಇಪ್ಪತ್ತೆರಡು ವರ್ಷದಿಂದ ಪಕ್ಕವಾದ್ಯ ನುಡಿಸುತ್ತಿದ್ದೇನೆ. ರಾಮನವಮಿಗೆ ಶುರುವಾದರೆ ಗಣೇಶನ ಹಬ್ಬ, ದಸರಾ ಅಂತ ಓಡಾಟ. ಅರ್ಧಕ್ಕೆ ಅರ್ಧ ಕಚೇರಿಗಳು ಪೆಂಡಾಲಿನಲ್ಲಿ. ಪಕ್ಕದಲ್ಲಿ ರಸ್ತೆ, ಹಿಂದುಗಡೆ ಜನರೇಟರು, ಮುಂದುಗಡೆ ಕಡಲೆಪುರಿ ತಿನ್ನುತ್ತಾ ಕೂತ ಮಕ್ಕಳು. ಇಂಥ ಕಡೆ ಪಿಟೀಲು ಕೇಳಿಸಬೇಕು, ಅಷ್ಟೇ ನನ್ನ ಆಸೆ.

ಒಳ್ಳೆ ಸಭಾಂಗಣವಿದ್ದು, ತಿಳಿದ ಸೌಂಡ್‌ನವರಿದ್ದರೆ ಸ್ಟ್ಯಾಂಡ್ ಮೈಕೇ ಚೆನ್ನ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಒಂದಡಿ ದೂರದಿಂದ ಕೇಳುವ ಮೈಕಿಗೆ ಇಡೀ ಪಿಟೀಲು ಕೇಳಿಸುತ್ತದೆ, ಒಂದೇ ಮೂಲೆ ಅಲ್ಲ. ಪೆಂಡಾಲಿನ ಕಥೆ ಬೇರೆ. ಅಲ್ಲಿ ಹಾಡುವವರಿಗೆ ತಂದ ಮೈಕನ್ನೇ ಒಂದು ಕುಳ್ಳ ಸ್ಟ್ಯಾಂಡಿಗೆ ಸಿಕ್ಕಿಸಿ ನನ್ನ ಮುಂದೆ ಇಡುತ್ತಾರೆ. ಹತ್ತಿರ ತಂದರೆ ಕಮಾನು ತಗಲುತ್ತದೆ. ದೂರ ಇಟ್ಟರೆ ಕೇಳಿಸುವುದಿಲ್ಲ. ಮೈಕಿನವರು ಗುಂಡಿ ತಿರುಗಿಸುತ್ತಾರೆ, ಪೆಂಡಾಲು ಕೊಂಯ್ ಅನ್ನುತ್ತದೆ, ಮತ್ತೆ ಇಳಿಸುತ್ತಾರೆ. ಇದರ ಮೇಲೆ ನನಗೆ ತೂಗಾಡುವ ಅಭ್ಯಾಸ. ಒಂದು ಸಂಗತಿ ಕೇಳಿಸುತ್ತದೆ, ಇನ್ನೊಂದು ಮಾಯ.

ನನ್ನ ಮಗ ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಓದುತ್ತಿದ್ದಾನೆ. ಅವನೇ ಒಂದು ಹಾಳೆಯ ಮೇಲೆ ಬರೆದು ತೋರಿಸಿದ್ದು. ಮೈಕಿಗೂ ವಾದ್ಯಕ್ಕೂ ಇರುವ ದೂರ ಅರ್ಧವಾದರೆ ವಾದ್ಯದ ದನಿ 6 ಡೆಸಿಬೆಲ್ (ಸದ್ದಿನ ಅಳತೆ) ಏರುತ್ತದೆ. ಒಂದಡಿಯಿಂದ ಆರಿಂಚಿಗೆ ತಂದರೆ 6. ಆರರಿಂದ ಮೂರಿಂಚಿಗೆ ತಂದರೆ ಇನ್ನೊಂದು 6. ಒಟ್ಟು 12. ಅಷ್ಟನ್ನು ಮೈಕಿನವರು ಗುಂಡಿಯಲ್ಲಿ ಏರಿಸಬೇಕಾಗಿಲ್ಲ. ಗುಂಡಿ ಏರದಿದ್ದರೆ ಕೊಂಯ್ ಇಲ್ಲ. ಕ್ಲಿಪ್ ಮೈಕಿನ ಗುಟ್ಟೆಲ್ಲ ಇಷ್ಟೇ. ಅದು ಹತ್ತಿರ ಇರುತ್ತದೆ, ನಾನು ತೂಗಾಡಿದರೂ ಜೊತೆಗೇ ತೂಗಾಡುತ್ತದೆ.

ಈ ತಾಪತ್ರಯ ಹೊಸದೇನೂ ಅಲ್ಲ. ನಮ್ಮ ತಿರುಮಕೂಡಲು ಚೌಡಯ್ಯನವರು ಏಳು ತಂತಿಯ ಪಿಟೀಲು ಮಾಡಿಕೊಂಡದ್ದು ಯಾಕೆ? ಮೈಕ್ ಇಲ್ಲದ ಕಾಲದಲ್ಲಿ ಹಿಂದೆ ಕೂತವರಿಗೂ ಕೇಳಿಸಲಿ ಅಂತ. ತಂತಿ ಜಾಸ್ತಿ ಮಾಡಿ ದನಿ ದಪ್ಪ ಮಾಡಿದರು. ಈಗ ಬೆಂಗಳೂರಿನಲ್ಲಿ ಅವರ ಹೆಸರಿನ ಸಭಾಂಗಣವೇ ಪಿಟೀಲಿನ ಆಕಾರದಲ್ಲಿದೆ. ಏಳು ತಂತಿಯನ್ನು ಶ್ರುತಿ ಮಾಡುವ ತಾಳ್ಮೆ ನನಗಿಲ್ಲ. ನಾಲ್ಕೇ ಸಾಕಾಗಿದೆ.

ಕ್ಲಿಪ್ ಮೈಕಿನ ಬಗ್ಗೆ ನೋಡಲು ಕೂತರೆ ಸಿಗುವ ವಿಡಿಯೋಗಳೆಲ್ಲ ಹೊರದೇಶದವು. ಅವರು ನಿಂತು ನುಡಿಸುತ್ತಾರೆ. ಗಲ್ಲದ ಕೆಳಗೆ ಪಿಟೀಲು ಹಿಡಿಯುತ್ತಾರೆ. ಮೈಕನ್ನು ಎಲ್ಲಿ ಕಚ್ಚಿಸಿದರೂ ಅವರಿಗೆ ನಡೆಯುತ್ತದೆ, ಸುತ್ತ ಗಾಳಿಯೇ ಇದೆ. ನಾವು ನೆಲದ ಮೇಲೆ ಕೂರುತ್ತೇವೆ. ಪಿಟೀಲಿನ ಒಂದು ತುದಿ ಎದೆಗೆ, ಇನ್ನೊಂದು ತುದಿ ಬಲಗಾಲಿನ ಹರಡಿನ ಮೇಲೆ. ಎಡಗಡೆ ಸೀರೆಯ ಸೆರಗು. ಕೆಳಗೆ ಮಡಿಚಿದ ಕಾಲು. ಕ್ಲಿಪ್ಪು ಕೂರಲು ಜಾಗವೇ ಕಡಿಮೆ. ಹಾಗಾಗಿ ಎಷ್ಟು ಹರ್ಟ್ಸ್, ಎಷ್ಟು ಡೆಸಿಬೆಲ್ ಅನ್ನುವ ಪಟ್ಟಿ ನೋಡಿ ಕೊಳ್ಳಬೇಡಿ. ನೀವು ಕೂರುವ ರೀತಿಯಲ್ಲಿ ಕೂತು, ಉಡುವ ಬಟ್ಟೆ ಉಟ್ಟು, ಆ ಕ್ಲಿಪ್ಪು ಎಲ್ಲಿ ನಿಲ್ಲುತ್ತದೆ ಅಂತ ನೋಡಿ. ನನ್ನ ಮೂರು ವರ್ಷ ಹೋದದ್ದು ಇದು ತಲೆಗೆ ಹೋಗುವುದಕ್ಕೇ.

ಮೊದಲು ಕೊಂಡದ್ದು ಮೈಕೇ ಅಲ್ಲ, ಪಿಕಪ್ಪು. ಪಿಟೀಲಿನ ಕುದುರೆಯ (ತಂತಿಗಳನ್ನು ಎತ್ತಿ ಹಿಡಿಯುವ ಮರದ ತುಂಡು) ಪಕ್ಕದ ಸಂದಿಗೆ ಸಿಕ್ಕಿಸುವ ಪಿಯೆಝೋ ಪಿಕಪ್. ಕಂಪನಿ ಹೆಸರು ಬೇಡ, ತಪ್ಪು ಅರ್ಧ ನನ್ನದೇ. ಇದು ಗಾಳಿಯಲ್ಲಿ ಬರುವ ನಾದವನ್ನು ಕೇಳುವುದಿಲ್ಲ. ಕುದುರೆಯ ಅದುರುವಿಕೆಯನ್ನೇ ನೇರವಾಗಿ ಹಿಡಿಯುತ್ತದೆ. ಅದೇ ಅದರ ಶಕ್ತಿ, ಅದೇ ಅದರ ತೊಂದರೆ. ಪಕ್ಕದಲ್ಲಿ ಡೊಳ್ಳು ಬಡಿದರೂ ಅದಕ್ಕೆ ಲೆಕ್ಕವಿಲ್ಲ. ಕೊಂಯ್ ಅನ್ನುವುದು ಬಹಳ ಕಡಿಮೆ. ಆದರೆ ಪಿಟೀಲಿನ ಹೊಟ್ಟೆಯ ನಾದ ಅದಕ್ಕೆ ಸಿಗುವುದಿಲ್ಲ. ಕೇಳಿದರೆ ನೆಗಡಿಯಾದವರು ಹಾಡಿದ ಹಾಗೆ.

ಅದರ ಮೇಲೆ ನಾನು ಮಾಡಿದ ತಪ್ಪು ಬೇರೆ. ಪಿಕಪ್ಪಿನ ವೈರನ್ನು ಸೀದಾ ಮೈಕ್‌ಸೆಟ್ಟಿನವರ ಮಿಕ್ಸರಿಗೆ ಚುಚ್ಚಿಸಿದೆ. ಪಿಯೆಝೋ ಬಹಳ ಮೆತ್ತಗಿನ ಪ್ರಾಣಿ. ಅದನ್ನು ತೆಗೆದುಕೊಳ್ಳುವ ಸಲಕರಣೆಯ ತಡೆ ಸುಮಾರು ಹತ್ತು ಲಕ್ಷ ಓಮ್ ಇರಬೇಕು. ಸಾಮಾನ್ಯ ಮಿಕ್ಸರಿನ ಲೈನ್ ಇನ್‌ಪುಟ್ಟಿನಲ್ಲಿ ಇರುವುದು ಹತ್ತಿಪ್ಪತ್ತು ಸಾವಿರ. ಆಗ ಮಂದ್ರವೆಲ್ಲ ಸೋರಿಹೋಗಿ ಬರೀ ಕಿರಿಕಿರಿ ಉಳಿಯುತ್ತದೆ. ನಡುವೆ ಪ್ರೀಆಂಪ್ ಅನ್ನುವ, ದನಿಯನ್ನು ಮಿಕ್ಸರಿಗೆ ಒಗ್ಗಿಸಿಕೊಡುವ ಸಲಕರಣೆ ಹಾಕಬೇಕಿತ್ತು. ಆರು ತಿಂಗಳು ಹಾಕಲಿಲ್ಲ. ಆ ಆರು ತಿಂಗಳು ನನ್ನ ಕಲ್ಯಾಣಿ ಕೇಳಿದವರ ಕ್ಷಮೆ ಕೇಳುತ್ತೇನೆ. ಪ್ರೀಆಂಪ್ ಹಾಕಿದ ಮೇಲೆ ಪರವಾಗಿಲ್ಲ ಅನ್ನುವ ಹಾಗಾಯಿತು. ಆದರೆ ವೈರು ಉದ್ದವಾದರೆ ಸೀರಿಯಲ್ ಲೈಟಿನ ಗುಂಯ್ ಕೂಡ ಸೇರಿಕೊಳ್ಳುತ್ತದೆ. ಗಣೇಶನ ಪೆಂಡಾಲಿನಲ್ಲಿ ಸೀರಿಯಲ್ ಲೈಟ್ ಇಲ್ಲದೆ ಇರುತ್ತದಾ?

ಇನ್ನೊಂದು ಮಾತು. ಕುದುರೆಗೆ ಏನು ಸಿಕ್ಕಿಸಿದರೂ ಅದರ ತೂಕ ಕುದುರೆಗೆ ಸೇರುತ್ತದೆ. ಮೈಕ್ ಇಲ್ಲದೆ ನುಡಿಸಿದಾಗಲೂ ದನಿ ಒಂಚೂರು ಮಂಕು. ಪಿಟೀಲು ನುಡಿಸುವವರು ದನಿ ಮೆತ್ತಗಾಗಲಿ ಅಂತ ಮ್ಯೂಟ್ ಹಾಕುವುದು ಇದೇ ಜಾಗಕ್ಕೆ ಅಲ್ವಾ? ಹಾಗೇ ಇದು.

ಎರಡನೆಯದು ಆನ್‌ಲೈನಿನಲ್ಲಿ ಕಂಡ ಅಗ್ಗದ ಕ್ಲಿಪ್ ಮೈಕು. ಎರಡು ಸಾವಿರಕ್ಕೂ ಕಡಿಮೆ. 'ಪಿಟೀಲು, ಗಿಟಾರು, ಸ್ಯಾಕ್ಸೋಫೋನು ಎಲ್ಲಕ್ಕೂ' ಅಂತ ಬರೆದಿತ್ತು. ಎಲ್ಲಕ್ಕೂ ಅಂದರೆ ಯಾವುದಕ್ಕೂ ಅಲ್ಲ ಅಂತ ಆಗ ಹೊಳೆಯಲಿಲ್ಲ. ಮನೆಯಲ್ಲಿ ಚೆನ್ನಾಗಿಯೇ ಕೇಳಿಸಿತು. ಪೆಂಡಾಲಿಗೆ ತೆಗೆದುಕೊಂಡು ಹೋದರೆ ಗಾಯಕಿಯ ದನಿ, ಮೃದಂಗ, ಘಟ, ಜನರೇಟರು, ಎಲ್ಲ ನನ್ನ ಮೈಕಿನಲ್ಲೇ. ಅದು ಎಂಟು ದಿಕ್ಕಿಗೂ ಕಿವಿ ತೆರೆದ ಜಾತಿ. ಟೀವಿಯಲ್ಲಿ ಮಾತಾಡುವವರು ಅಂಗಿಗೆ ಸಿಕ್ಕಿಸಿಕೊಳ್ಳುತ್ತಾರಲ್ಲ, ಸಾಮಾನ್ಯವಾಗಿ ಅಂಥದ್ದು. ಎದುರಿಗೆ ಮಾನಿಟರು, ಅಂದರೆ ನಮಗೇ ಕೇಳಿಸಲಿ ಅಂತ ವೇದಿಕೆಯಲ್ಲಿಡುವ ಸ್ಪೀಕರು, ಇದ್ದರೆ ಮುಗಿಯಿತು. ಜೊತೆಗೆ ಅದರ ಕ್ಲಿಪ್ಪಿಗೆ ರಬ್ಬರು ಇರಲಿಲ್ಲ. ವಾರ್ನಿಶ್ ಮೇಲೆ ಅಕ್ಕಿಕಾಳಿನಷ್ಟು ಗುರುತು ಬಿತ್ತು. ಇವತ್ತಿಗೂ ಇದೆ. ಪಿಟೀಲು ಒರೆಸುವಾಗಲೆಲ್ಲ ಕಣ್ಣಿಗೆ ಬೀಳುತ್ತದೆ. ಮೈಕನ್ನು ಮಗ ಕಾಲೇಜಿನ ನಾಟಕಕ್ಕೆ ತೆಗೆದುಕೊಂಡು ಹೋದ. ವಾಪಸು ಕೇಳಿಲ್ಲ.

ಮೂರನೆಯದು ಆಡಿಯೋ ಟೆಕ್ನಿಕಾ ಪ್ರೋ 35. ಗೆಳತಿಯೊಬ್ಬಳ ತಮ್ಮನದು, ಎರಡು ತಿಂಗಳು ನನ್ನ ಹತ್ತಿರ ಇತ್ತು. ಇದು ನಿಜವಾದ ವಾದ್ಯದ ಮೈಕು. ಒಂದು ದಿಕ್ಕಿಗೆ ಮಾತ್ರ ಕಿವಿ ಕೊಡುವ ಕಾರ್ಡಿಯಾಯ್ಡ್ ಜಾತಿ. ಬೆನ್ನ ಹಿಂದಿನ ಸದ್ದು ಅದಕ್ಕೆ ತೀರಾ ಕಡಿಮೆ. ದನಿ ಚೆನ್ನಾಗಿದೆ. ಮೊದಲ ದಿನವೇ ಗಾಯಕಿ ತಿರುಗಿ ನೋಡಿದರು. ಇಷ್ಟು ವರ್ಷ ಎಲ್ಲಿತ್ತು ಈ ಪಿಟೀಲು ಅನ್ನುವ ಹಾಗೆ.

ಆದರೆ ಅದರ ಕ್ಲಿಪ್ಪು ಮಾಡಿರುವುದು ಮುಖ್ಯವಾಗಿ ಊದುವ ವಾದ್ಯಗಳಿಗೆ, ತುತ್ತೂರಿ, ಸ್ಯಾಕ್ಸೋಫೋನಿನ ಅಗಲ ಬಾಯಿಯ ಅಂಚಿಗೆ. ಕದ್ರಿ ಗೋಪಾಲನಾಥರ ದಾರಿಯಲ್ಲಿ ಸ್ಯಾಕ್ಸೋಫೋನ್ ಹಿಡಿದವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ. ಅವರಾದರೆ ಕಣ್ಣು ಮುಚ್ಚಿಕೊಂಡು ಕೊಳ್ಳಬಹುದು. ನಾನು ಅದನ್ನು ಗಲ್ಲದ ಪಟ್ಟಿಯ (ಗಲ್ಲ ಊರಲು ಪಿಟೀಲಿಗೆ ಹಾಕಿರುವ ಪಟ್ಟಿ) ಕಬ್ಬಿಣಕ್ಕೆ ಕಚ್ಚಿಸಿ, ನಡುವೆ ಹಳೆ ಕಾಲುಚೀಲದ ತುಂಡು ಇಟ್ಟು ಕೂತೆ. ನಿಲ್ಲುತ್ತಿತ್ತು, ಆದರೆ ಬೇಕಾದ ಕಡೆಗೆ ನೋಡುತ್ತಿರಲಿಲ್ಲ. ಗಲ್ಲದ ಪಟ್ಟಿಯನ್ನೇ ತೆಗೆದಿಟ್ಟು ನುಡಿಸುವವರು ನಮ್ಮಲ್ಲಿ ಎಷ್ಟೋ ಜನ. ಅವರಿಗೆ ಅದೂ ಇಲ್ಲ. ಸರಿಯಾದ ಹಿಡಿಕೆಯೊಂದನ್ನು ಮಾಡಿಸಿಕೊಳ್ಳುವ ಜಾಣ್ಮೆ ನಿಮಗಿದ್ದರೆ, ನನ್ನ ಮೈಕಿಗಿಂತ ಎಷ್ಟೋ ಕಡಿಮೆ ದುಡ್ಡಿಗೆ ಕೆಲಸ ಮುಗಿಯುತ್ತದೆ. ಇದರ ಇನ್ನೊಂದು ದೊಡ್ಡ ಗುಣವನ್ನು ಫ್ಯಾಂಟಮ್ ವಿಷಯ ಬಂದಾಗ ಹೇಳುತ್ತೇನೆ.

ಡಿಪಿಎ ಡೆನ್ಮಾರ್ಕಿನ ಕಂಪನಿ. ಅಳತೆಯ ಮೈಕುಗಳಿಗೆ ಹೆಸರಾದ ಬ್ರುಯೆಲ್ ಅಂಡ್ ಕೇರ್ ಕಂಪನಿಯಲ್ಲಿ ಇದ್ದವರು 1992ರಲ್ಲಿ ಹೊರಗೆ ಬಂದು ಕಟ್ಟಿದ್ದು. ಅವರ 4099ನ್ನು ಸೀದಾ ಕೊಳ್ಳುವ ಧೈರ್ಯ ನನಗಿರಲಿಲ್ಲ. ಬೆಂಗಳೂರಿನಲ್ಲಿ ಬಾಡಿಗೆಗೆ ಸಿಗುತ್ತದೆ ಅಂತ ಮಗ ಹುಡುಕಿದ. ಎರಡು ದಿನಕ್ಕೆ ತಂದೆ. ದುಬಾರಿ ಸಾಮಾನು ಕೊಳ್ಳುವವರಿಗೆ ನಾನು ಹೇಳುವುದು ಇದನ್ನೇ, ಮೊದಲು ಬಾಡಿಗೆಗೆ ತನ್ನಿ.

ಇದರ ಕ್ಲಿಪ್ಪು ನೋಡಿದ ತಕ್ಷಣ ಅರ್ಧ ಮನಸ್ಸು ಒಪ್ಪಿತು. ಪಿಟೀಲಿನ ಪಕ್ಕದಲ್ಲಿ ಕೂತು, ಮೇಲಿನ ಹಲಗೆಯ ಅಂಚು, ಕೆಳಗಿನ ಹಲಗೆಯ ಅಂಚು ಎರಡನ್ನೂ ಮೆತ್ತಗೆ ಹಿಡಿಯುತ್ತದೆ. ತಾಗುವ ಕಡೆಯೆಲ್ಲ ರಬ್ಬರು. ಅಲ್ಲಿಂದ ಹೆಬ್ಬಾತಿನ ಕತ್ತಿನ ಹಾಗೆ ಒಂದು ಬಗ್ಗುವ ಕಡ್ಡಿ. ಅದರ ತುದಿಗೆ ಮೈಕು. ಹಾಕಲು ಅರ್ಧ ನಿಮಿಷ, ತೆಗೆಯಲು ಅಷ್ಟೂ ಬೇಡ.

ಎಲ್ಲಿ ಹಾಕಬೇಕು ಅನ್ನುವುದಕ್ಕೆ ಇಡೀ ಒಂದು ಸಂಜೆ ಹೋಯಿತು. ಬಲಗಡೆ ಆಗುವುದಿಲ್ಲ. ಅಲ್ಲಿ ಕಮಾನು ಹಿಡಿದ ಕೈ ಓಡಾಡುತ್ತದೆ. ಎಡಗಡೆ ನಡುವಿಗೆ ಹಾಕಿದೆ. ಮಧ್ಯಸ್ಥಾಯಿ ಚೆನ್ನಾಗಿ ಬಂತು. ಮಂದ್ರಕ್ಕೆ ಇಳಿದೆ, ಟಕ್ ಅಂತ ಸದ್ದು. ಮಂದ್ರದ ತಂತಿ ನುಡಿಸುವಾಗ ಬಲಗೈ ಮೇಲೇಳುತ್ತದೆ, ಕಮಾನಿನ ತುದಿ ಎಡಕ್ಕೆ ತಗ್ಗುತ್ತದೆ. ಸೀದಾ ಮೈಕಿನ ಕತ್ತಿಗೆ ಬಡಿಯಿತು. ಕೊನೆಗೆ ಕುದುರೆಯಿಂದ ಹಿಂದಕ್ಕೆ, ಎದೆಗೆ ತಾಗುವ ಜಾಗದಿಂದ ನಾಲ್ಕು ಬೆರಳು ಮುಂದಕ್ಕೆ ಹಾಕಿದೆ. ಮೈಕು ತಂತಿ ಕಟ್ಟುವ ಟೇಲ್‌ಪೀಸ್ ಕಡೆಯಿಂದ ಇಣುಕಿ ಕುದುರೆಯ ಎಡಗಾಲನ್ನು ನೋಡುತ್ತದೆ. ಈಗ ಕಮಾನು ಎತ್ತ ಹೋದರೂ ತಗಲುವುದಿಲ್ಲ.

ಎಫ್ ಆಕಾರದ ಕಂಡಿಗೆ ನೇರವಾಗಿ ತೋರಿಸಬೇಡಿ. ಜನ ಮೊದಲು ಮಾಡುವುದು ಅದನ್ನೇ, ನಾದ ಅಲ್ಲಿಂದ ತಾನೇ ಬರುವುದು ಅಂತ. ಖಾಲಿ ಬಾಟಲಿಯ ಬಾಯಿಗೆ ಊದಿದರೆ ಭೋಂ ಅನ್ನುತ್ತದಲ್ಲ, ಪಿಟೀಲಿನ ಒಳಗಿನ ಗಾಳಿಗೂ ಅಂಥದ್ದೊಂದು ಸ್ವಂತ ಸ್ವರ ಇದೆ. ಸುಮಾರು 270–280 ಹರ್ಟ್ಸ್ ಹತ್ತಿರ. ಕಂಡಿಯ ಮುಂದೆ ಮೈಕಿಟ್ಟರೆ ಆ ಸುತ್ತಿನ ಸ್ವರಗಳೆಲ್ಲ ಉಬ್ಬಿಕೊಳ್ಳುತ್ತವೆ. ಇಂಥ ಮೈಕುಗಳು ತೀರಾ ಹತ್ತಿರವಾದರೆ ತಗ್ಗಿನ ದನಿಯನ್ನು ತಾವೇ ದಪ್ಪ ಮಾಡುತ್ತವೆ, ಅದೂ ಸೇರಿಕೊಳ್ಳುತ್ತದೆ. ನಾವು ಗಾಯಕರಿಗೆ ತಕ್ಕ ಹಾಗೆ ಶ್ರುತಿ ಬೇರೆ ಇಳಿಸಿರುತ್ತೇವೆ. ಒಂದೇ ಒಂದು ಸ್ವರ ಗೂಳಿಯ ಹಾಗೆ ಎದ್ದು ನಿಲ್ಲುತ್ತದೆ. ಎರಡು ಬೆರಳು ಪಕ್ಕಕ್ಕೆ ಸರಿಸಿದರೆ ಸಾಕು.

ಇನ್ನು ಸೀರೆ. ಯಾವ ಮೈಕಿನ ವಿಮರ್ಶೆಯಲ್ಲೂ ಇದನ್ನು ಬರೆದಿಲ್ಲ. ಸೆರಗು ಬೀಳುವುದು ಎಡಭುಜದ ಮೇಲೆ. ಕ್ಲಿಪ್ಪು ಕೂರುವುದೂ ಅಲ್ಲೇ ಪಕ್ಕದಲ್ಲಿ. ಜರಿ ಅಂಚು ವೈರಿಗೆ ಉಜ್ಜಿದರೆ ಒಣಗಿದ ತರಗೆಲೆ ತುಳಿದ ಸದ್ದು ಸ್ಪೀಕರಿನಲ್ಲಿ. ಗರಿಗರಿ ಹೊಸ ರೇಷ್ಮೆಯಂತೂ ಬೇಡವೇ ಬೇಡ. ನಾನು ನೆರಿಗೆ ಮಡಿಚಿ ಎರಡು ಪಿನ್ನು ಹಾಕಿ, ವೈರನ್ನು ಪಿಟೀಲಿನ ಕೆಳಗಿನಿಂದ ಎಡಮಂಡಿಯ ಪಕ್ಕಕ್ಕೆ ಇಳಿಬಿಡುತ್ತೇನೆ. ವೈರಿನ ಇನ್ನೊಂದು ತುದಿಗೆ ಒಂದು ಪುಟ್ಟ ಅಡಾಪ್ಟರು. ಸೊಂಟದ ಬೆಲ್ಟಿಗೆ ಸಿಕ್ಕಿಸಿಕೊಳ್ಳಲಿ ಅಂತ ಅದಕ್ಕೊಂದು ಹಿಡಿಕೆ. ನಮಗೆಲ್ಲಿಯ ಬೆಲ್ಟು? ಜಮಖಾನದ ಮೇಲೆ, ಶ್ರುತಿಪೆಟ್ಟಿಗೆಯ ಪಕ್ಕದಲ್ಲಿ ಇಡುತ್ತೇನೆ. ಮೇಲೆ ಒಂದು ಕರವಸ್ತ್ರ ಮುಚ್ಚುತ್ತೇನೆ. ಇಲ್ಲದಿದ್ದರೆ ಯಾರಾದರೂ ನೀರಿನ ಲೋಟ ತಂದು ಅದರ ಪಕ್ಕದಲ್ಲೇ ಇಡುತ್ತಾರೆ.

ದನಿ ಹೇಗಿದೆ? ಬಾಡಿಗೆಗೆ ತಂದ ಎರಡನೆಯ ದಿನ ಮೇಷ್ಟ್ರ ಮನೆಗೆ ತೆಗೆದುಕೊಂಡು ಹೋದೆ. ಅವರಿಗೆ ಈಗ ಎಂಬತ್ತರ ಹತ್ತಿರ. ಮೈಕು ಕಂಡರೇ ಆಗುವುದಿಲ್ಲ. ಅವರನ್ನು ಒಳಕೋಣೆಯಲ್ಲಿ ಕೂರಿಸಿ, ನಾನು ಹಜಾರದಲ್ಲಿ ನುಡಿಸಿ, ಸ್ಪೀಕರನ್ನು ಅವರ ಕೋಣೆಯಲ್ಲಿ ಇಟ್ಟೆವು. ಹತ್ತು ನಿಮಿಷ ಕಲ್ಯಾಣಿ ಆಲಾಪನೆ. ಮುಗಿಸಿ ಒಳಗೆ ಹೋದೆ. ಮೈಕಿನ ಬಗ್ಗೆ ಅವರು ಒಂದು ಮಾತೂ ಆಡಲಿಲ್ಲ. "ಏನಮ್ಮಾ, ರೋಸಿನ್ ಜಾಸ್ತಿ ಹಚ್ಚಿದ್ದೀಯಲ್ಲ" ಅಂದರು. ನಿಜ, ಬೆಳಿಗ್ಗೆ ಆತುರದಲ್ಲಿ ಹಚ್ಚಿದ್ದೆ. ಇಷ್ಟು ಕೇಳಿಸಿದ ಮೇಲೆ ಇನ್ನೇನು ಬೇಕು? ಆ ಸಂಜೆಯೇ ಮಗನಿಗೆ ಫೋನ್ ಮಾಡಿ ಕೊಂಡುಬಿಡೋಣ ಅಂದೆ.

ಅದರ ಇನ್ನೊಂದು ಮುಖವೂ ಇದೆ. ಎಲ್ಲವೂ ಕೇಳಿಸುತ್ತದೆ. ನನ್ನ ಉಸಿರು ಕೇಳಿಸುತ್ತದೆ. ಬೆರಳು ಜಾರುವುದು, ಕಮಾನು ತಿರುಗುವಾಗಿನ ಸಣ್ಣ ತಡವರಿಕೆ, ಗಾಯಕರು ಹಾಡುವಾಗ ನಾನು ಮೆಲ್ಲಗೆ ಶ್ರುತಿ ನೋಡಿಕೊಳ್ಳುವುದು, ಎಲ್ಲ. ಸ್ಟ್ಯಾಂಡ್ ಮೈಕಿದ್ದಾಗ ಸ್ವಲ್ಪ ಹಿಂದಕ್ಕೆ ವಾಲಿದರೆ ಮರೆಯಾಗಬಹುದಿತ್ತು. ಈಗ ಮರೆಯಿಲ್ಲ. ಒಂದೇ ಸಾಲನ್ನು ಬಗೆಬಗೆಯಾಗಿ ಬೆಳೆಸುವ ನೆರವಲ್‌ನಲ್ಲಿ ದಾರಿ ತಪ್ಪಿದಾಗ ಮೊದಲೆಲ್ಲ ಮೆತ್ತಗೆ ನುಡಿಸಿ ಪಾರಾಗುತ್ತಿದ್ದೆ. ಅದಕ್ಕೂ ಕಲ್ಲು ಬಿತ್ತು.

ಮಾನಿಟರ್ ಎಲ್ಲಿಡಬೇಕು ಅನ್ನುವುದೂ ಬದಲಾಗುತ್ತದೆ. 4099 ಸೂಪರ್‌ಕಾರ್ಡಿಯಾಯ್ಡ್ ಜಾತಿ. ಪಕ್ಕದ ಸದ್ದನ್ನು ಪ್ರೋ 35ಕ್ಕಿಂತ ಕಡಿಮೆ ಹಿಡಿಯುತ್ತದೆ. ಎದುರಿಗೆ ಮೃದಂಗ ಇರುವ ನಮಗೆ ಅದು ಒಳ್ಳೆಯದೇ. ಆದರೆ ಇದಕ್ಕೆ ಬೆನ್ನ ಹಿಂದೆಯೂ ಒಂದು ಸಣ್ಣ ಕಿವಿ ಇದೆ. ಪೂರ್ತಿ ಕಿವುಡಾಗಿರುವುದು ನೇರ ಹಿಂದಲ್ಲ, ಹಿಂದಿನ ಎರಡು ಓರೆಗಳಲ್ಲಿ, ಸುಮಾರು 125 ಡಿಗ್ರಿಯ ಹತ್ತಿರ. ನಾನು ವೇದಿಕೆಯಲ್ಲಿ ಮೃದಂಗದ ಕಡೆ ಮುಖ ಮಾಡಿ ಕೂತಾಗ ನನ್ನ ಎಡಕ್ಕೆ ಸಭಿಕರು. ಮೈಕಿನ ಬೆನ್ನೂ ಅತ್ತಲೇ. ಮಾನಿಟರನ್ನು ವೇದಿಕೆಯ ಅಂಚಿನಲ್ಲಿ ನನ್ನ ನೇರಕ್ಕೆ ಇಟ್ಟರೆ ಆ ಹಿಂದಿನ ಕಿವಿಗೆ ಹೊಡೆಯುತ್ತದೆ. ಎರಡಡಿ ಪಕ್ಕಕ್ಕೆ ಸರಿಸಿ, ಓರೆಯಾಗಿ ತಿರುಗಿಸಿದರೆ ಕೊಂಯ್ ನಿಲ್ಲುತ್ತದೆ. ಮೊದಲ ಎರಡು ಕಚೇರಿ ಇದು ಗೊತ್ತಾಗದೆ ಒದ್ದಾಡಿದೆ.

ಈಗ ಫ್ಯಾಂಟಮ್. ಈ ಮೈಕುಗಳಿಗೆ ಕರೆಂಟು ಬೇಕು. ಮಿಕ್ಸರಿನಿಂದ ಅದೇ ವೈರಿನಲ್ಲಿ 48 ವೋಲ್ಟ್ ಬರಬೇಕು. ಇದಕ್ಕೆ ಫ್ಯಾಂಟಮ್ ಪವರ್ ಅನ್ನುತ್ತಾರೆ. ನಗರದ ಸಭಾಂಗಣಗಳಲ್ಲಿ ತೊಂದರೆಯಿಲ್ಲ. ಮಂಡ್ಯದ ಕಡೆಯ ಒಂದು ಹಳ್ಳಿಯ ರಾಮೋತ್ಸವಕ್ಕೆ ಹೋಗಿದ್ದೆ. ಮೈಕ್‌ಸೆಟ್ಟಿನ ಹುಡುಗನನ್ನು ಕೇಳಿದೆ, "ಏನಪ್ಪಾ, ಫ್ಯಾಂಟಮ್ ಇದೆಯಾ?" ಅವನು ಗಂಭೀರವಾಗಿ ಯೋಚಿಸಿ, "ಅದು ಸಿಗರೇಟ್ ಥರ ಇರೋ ಮಿಠಾಯಿ ಅಲ್ವಾ ಮೇಡಂ? ಅಂಗಡೀಲಿ ಸಿಗಬಹುದು, ತರಿಸ್ಲಾ?" ಅಂದ. ತಮಾಷೆಗೆ ಅಂದದ್ದಲ್ಲ. ಮಿಕ್ಸರೂ ಆಂಪ್ಲಿಫೈಯರೂ ಒಂದೇ ಪೆಟ್ಟಿಗೆಯಲ್ಲಿರುವ ಸೆಟ್ಟು ಅವನದು. ಗುಂಡು ಜ್ಯಾಕಿನ ತೂತು ಬಿಟ್ಟರೆ ಬೇರೇನೂ ಇಲ್ಲ. ಅವತ್ತು ಐವತ್ತು ಸಾವಿರದ ಮೈಕು ಪೆಟ್ಟಿಗೆಯಲ್ಲೇ ಮಲಗಿತು. ಹಳೆಯ ಪಿಕಪ್ಪೇ ಕೈ ಹಿಡಿಯಿತು.

ಆಮೇಲೆ ಒಂದು ಬೇರೆ ಫ್ಯಾಂಟಮ್ ಪೆಟ್ಟಿಗೆ ಕೊಂಡೆ. ಊಟದ ಡಬ್ಬಿಯಷ್ಟು ದೊಡ್ಡದು. ಗೋಡೆಯ ಕರೆಂಟಿಗೆ ಚುಚ್ಚಬೇಕು. ಮೈಕು ಅದಕ್ಕೆ, ಅದರಿಂದ ಮಿಕ್ಸರಿಗೆ. ಮೊದಲು ಕೊಂಡದ್ದರ ಮೇಲೆ 48 ವೋಲ್ಟ್ ಅಂತ ಅಚ್ಚು ಹಾಕಿತ್ತು. ದನಿ ಒಡೆಯುತ್ತಿತ್ತು. ಮಗ ಮೀಟರು ಹಿಡಿದು ನೋಡಿದರೆ ಅದರ ಅರ್ಧವೂ ಇಲ್ಲ. ವಾಪಸು ಕಳಿಸಿ ಬೇರೆ ತರಿಸಿದೆವು. ಕೊಂಡ ದಿನವೇ ಅಳತೆ ಮಾಡಿಸಿ. ಮೈಕಿನ ವೈರು ಚುಚ್ಚುವ ಮೂರು ಕಡ್ಡಿಯ ಎಕ್ಸೆಲ್ಆರ್ ತುದಿಯಲ್ಲಿ 1 ಮತ್ತು 2ನೇ ಕಡ್ಡಿಯ ನಡುವೆ, ಆಮೇಲೆ 1 ಮತ್ತು 3ರ ನಡುವೆ. ಎರಡೂ ಕಡೆ 44ರಿಂದ 52 ವೋಲ್ಟ್ ಒಳಗೆ ಬಂದರೆ ಸರಿ. ಪ್ರೋ 35ರ ದೊಡ್ಡ ಗುಣ ಅಂದೆನಲ್ಲ, ಅದು ಇಲ್ಲೇ. ಅದಕ್ಕೆ 11 ವೋಲ್ಟ್ ಸಿಕ್ಕರೂ ನಡೆಯುತ್ತದೆ. ಹಳ್ಳಿ ಸುತ್ತುವವರಿಗೆ ಇದು ಸಣ್ಣ ವಿಷಯವಲ್ಲ.

ಮಿಕ್ಸರಿನಲ್ಲಿ ನಾನು ಕೇಳಿಕೊಳ್ಳುವುದು ಮೂರೇ ಮಾತು. 100 ಹರ್ಟ್ಸ್ ಕೆಳಗಿನದನ್ನು ಕತ್ತರಿಸಿ, ವೇದಿಕೆಯ ಹಲಗೆ ಕುಟ್ಟಿದ ಸದ್ದು ಹೋಗುತ್ತದೆ. 280ರ ಸುತ್ತ ಒಂಚೂರು ಇಳಿಸಿ. ರಿವರ್ಬ್, ಅಂದರೆ ಮಾರ್ದನಿ, ಬೇಡ. ಮೂರನೆಯದನ್ನು ಯಾರೂ ಕೇಳುವುದಿಲ್ಲ. ಪಿಟೀಲು ಅಂದರೆ ರಿವರ್ಬ್ ಅಂತ ಅವರ ಲೆಕ್ಕ. ಸಿನಿಮಾ ಹಾಡಿನ ಹಾಗೆ ಗುಹೆಯೊಳಗಿಂದ ಬರಬೇಕು ಅವರಿಗೆ. ಗಮಕವೆಲ್ಲ ಕಲಸಿಹೋಗುತ್ತದೆ ಅಂದರೆ ತಲೆ ಆಡಿಸಿ, ನಾನು ಕೂತ ಮೇಲೆ ಮತ್ತೆ ಏರಿಸುತ್ತಾರೆ.

ವೈರು ಬಹಳ ಸಣ್ಣದು. ಅದರ ತುದಿಯ ಮೈಕ್ರೋಡಾಟ್ ಅನ್ನುವ ತಿರುಪು ಇನ್ನೂ ಸಣ್ಣದು. ಕತ್ತಲಲ್ಲಿ, ಕನ್ನಡಕ ಇಲ್ಲದೆ ತಿರುಗಿಸಲು ಹೋಗಬೇಡಿ. ವೈರನ್ನು ಬೆರಳಿಗೆ ಬಿಗಿಯಾಗಿ ಸುತ್ತಬೇಡಿ, ಅಗಲವಾಗಿ ಬಳೆಯ ಹಾಗೆ ಸುತ್ತಿ ಇಡಿ. ನಾನು ಹಳೆಯ ಬಳೆ ಪೆಟ್ಟಿಗೆಯಲ್ಲೇ ಇಡುತ್ತೇನೆ. ಅಳತೆ ಸರಿಯಾಗಿದೆ.

ಯಾರು ಏನು ಕೊಳ್ಳಬಹುದು? ವರ್ಷಕ್ಕೆ ಐದಾರು ಕಚೇರಿ ಮಾಡುವ ವಿದ್ಯಾರ್ಥಿಗಳು ನನ್ನ ಮೈಕು ಕೊಳ್ಳಬೇಡಿ. ಅದೇ ದುಡ್ಡಿಗೆ ಒಳ್ಳೆ ಕಮಾನು ಬರುತ್ತದೆ. ಸ್ಟ್ಯಾಂಡ್ ಮೈಕಿನ ಮುಂದೆ ಅಲುಗಾಡದೆ ಕೂರುವುದನ್ನು ಕಲಿಯಿರಿ, ನನಗೆ ಬರಲಿಲ್ಲ. ಫ್ಯೂಷನ್ ಬ್ಯಾಂಡಿನಲ್ಲಿ ಡ್ರಮ್ಸ್ ಪಕ್ಕ ನುಡಿಸುವವರಿಗೆ ಪಿಯೆಝೋನೇ ಸರಿ, ಪ್ರೀಆಂಪ್ ಮಾತ್ರ ಮರೆಯಬೇಡಿ. ನನ್ನ ಹಾಗೆ ಪೆಂಡಾಲು ಸುತ್ತುವ ಪಕ್ಕವಾದ್ಯದವರಿಗೆ ಮಾತ್ರ 4099 ದುಬಾರಿ ಅನ್ನಿಸುವುದಿಲ್ಲ. ಅಂದರೆ ಅನ್ನಿಸುತ್ತದೆ, ಆದರೆ ಒಂದು ವರ್ಷದಲ್ಲಿ ಮರೆತುಹೋಗುತ್ತದೆ. ಹಳೆಯ ಪಿಕಪ್ಪು ಇವತ್ತಿಗೂ ನನ್ನ ಪೆಟ್ಟಿಗೆಯ ಮೂಲೆಯಲ್ಲಿದೆ. ಕರೆಂಟು ಕೈಕೊಟ್ಟ ದಿನಕ್ಕೆ ಅಂತ.

ಒಂದು ಎಚ್ಚರಿಕೆ ಉಳಿಯಿತು. ಈ ಮೈಕಿನಲ್ಲಿ ಆಫ್ ಮಾಡುವ ಗುಂಡಿ ಇಲ್ಲ. ಹೋದ ಗಣೇಶನ ಹಬ್ಬದಲ್ಲಿ ಮಂಗಳ ಮುಗಿಯಿತು. ಚಪ್ಪಾಳೆ ಆಯಿತು. ಸಮಿತಿಯವರು ಶಾಲು, ಹಣ್ಣಿನ ತಟ್ಟೆ ಹಿಡಿದು ಮೆಟ್ಟಿಲು ಹತ್ತುತ್ತಿದ್ದರು. ಪಿಟೀಲು ಇನ್ನೂ ನನ್ನ ಎದೆಯ ಮೇಲೇ ಇತ್ತು. ಗಾಯಕಿಯ ಕಡೆ ವಾಲಿ ಪಿಸುಗುಟ್ಟಿದೆ, "ಅಕ್ಕಾ, ಊಟಕ್ಕೆ ಹೋಳಿಗೆ ಇದೆಯಂತೆ, ಭಾಷಣ ಬೇಗ ಮುಗಿದರೆ ಸಾಕು."

ಸ್ಪೀಕರಿನಿಂದ ನನ್ನ ದನಿ ಬೀದಿಯ ಕೊನೆಯವರೆಗೂ ಹೋಯಿತು. ರಿವರ್ಬ್ ಸಮೇತ. ಭಾಷಣದ ಚೀಟಿ ಹಿಡಿದಿದ್ದ ಕಾರ್ಯದರ್ಶಿಗಳು ಒಂದು ಕ್ಷಣ ನಿಂತರು. ಚೀಟಿಯನ್ನು ಮಡಿಚಿ ಜೇಬಿಗೆ ಇಟ್ಟುಕೊಂಡು, "ಇದೆ ಮೇಡಂ, ತುಪ್ಪಾನೂ ಇದೆ, ಬನ್ನಿ" ಅಂದರು.